ಉಜ್ಜಿದರೆ ಹೋಗದ ಮೊಡವೆ

ಮೊಡವೆ ಚರ್ಮದೊಳಗಿನ ಎಣ್ಣೆ ಗ್ರಂಥಿಯ ಕಾಯಿಲೆ. ಮುಖ, ಎದೆ, ಬೆನ್ನುಗಳ ಚರ್ಮದಲ್ಲಿ ಪ್ರತಿ ಕೂದಲ ಬುಡಕ್ಕೂ ಒಂದು ಸಣ್ಣ ಕುಳಿ ಇರುತ್ತದೆ. ಕುಳಿಗೆ ಅಂಟಿಕೊಂಡು ಜಿಡ್ಡು ಸುರಿಸುವ ಗ್ರಂಥಿ ಇರುತ್ತದೆ. ಮಗುವಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿ ಆಂಡ್ರೋಜೆನ್ ಬಗೆಯ ಹಾರ್ಮೋನುಗಳನ್ನು ರಕ್ತಕ್ಕೆ ಬಿಡತೊಡಗುತ್ತದೆ. ಹುಡುಗನಲ್ಲೂ ಹುಡುಗಿಯಲ್ಲೂ ಇದು ನಡೆಯುತ್ತದೆ. ಆ ಹಾರ್ಮೋನಿನ ಮಾತು ಕೇಳಿ ಜಿಡ್ಡು ಹೆಚ್ಚುತ್ತದೆ. ಕುಳಿಯ ಒಳಗೋಡೆಯ ಸತ್ತ ಕಣಗಳು ಉದುರಿ ಹೊರಬೀಳುವ ಬದಲು ಒಂದಕ್ಕೊಂದು ಅಂಟಿಕೊಂಡು ಬಾಯಿಗೆ ಬೂಚು ಹಾಕುತ್ತವೆ. ಬೂಚಿನ ಹಿಂದೆ ನಿಂತ ಜಿಡ್ಡಿನಲ್ಲಿ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಇದು ಬಹುತೇಕ ಎಲ್ಲರ ಚರ್ಮದಲ್ಲೂ ಸಹಜವಾಗಿ ಇರುವ ಜೀವಿ, ಹೊರಗಿನಿಂದ ಬಂದ ಸೋಂಕಲ್ಲ. ಮೈ ಅದರ ಮೇಲೆ ಸೇನೆ ಕಳಿಸಿದಾಗ ಚರ್ಮ ಕೆಂಪೇರುತ್ತದೆ, ನೋಯುತ್ತದೆ, ಕೀವು ತುಂಬುತ್ತದೆ. ಇಷ್ಟೆಲ್ಲ ನಡೆಯುವುದು ಚರ್ಮದ ಒಳಗೆ. ಸೋಪು ಮುಟ್ಟುವುದು ಚರ್ಮದ ಮೇಲ್ಪದರವನ್ನು ಮಾತ್ರ.

ಇಷ್ಟು ಸರಳವಾದ ವಿಷಯ ಕರ್ನಾಟಕದ ಗಡಿಗೆ ಹೊಂದಿದ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಮನೆಗಳಲ್ಲಿ ಇನ್ನೂ ತಲೆಕೆಳಗಾಗಿ ನಿಂತಿದೆ. ಉಮದಿ, ಸಂಖ, ಮಾಡಗ್ಯಾಳ, ಬಿಳೂರ, ಗುಡ್ಡಾಪುರದ ಕಡೆ ಹನ್ನೆರಡು ವರ್ಷದ ಮಗುವಿನ ಹಣೆಯ ಮೇಲೆ ಗುಳ್ಳೆ ಕಂಡರೆ ಮೂರು ಮಾತು ತಪ್ಪದೆ ಬರುತ್ತವೆ. ಮೊದಲನೆಯದು, "ಮಾರಿ ನೆಟ್ಟಗ ತೊಳಿಯಂಗಿಲ್ಲ, ಅದಕ್ಕ ಆಗ್ಯಾವ." ಎರಡನೆಯದು, "ಉಷ್ಣ ಆಗೇದ." ಮೂರನೆಯದು, "ವಯಸ್ಸಿಂದು ಬಿಡ್ರಿ, ಲಗ್ನ ಆದ್ರ ತಾವ ಹೋಗ್ತಾವ." ಮೊದಲಿನ ಎರಡು ಮಾತು ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತವೆ, ಮೂರನೆಯದು ದೊಡ್ಡವರ ಹೊಣೆಯನ್ನು ಇಳಿಸಿಬಿಡುತ್ತದೆ. ಮೂರೂ ಸೇರಿ ಮಗುವನ್ನು ಕನ್ನಡಿಯ ಮುಂದೆ ಒಂಟಿಯಾಗಿ ನಿಲ್ಲಿಸುತ್ತವೆ. ಅಲ್ಲಿಂದ ಅದು ಹೋಗುವುದು ನಿಂಬೆಹಣ್ಣಿಗೆ, ಟೂತ್‌ಪೇಸ್ಟಿಗೆ, ಕೊನೆಗೆ ಮೆಡಿಕಲ್ ಅಂಗಡಿಯ ಹೆಸರಿಲ್ಲದ ಸಲಹೆಗೆ. ಮೊಡವೆ ತಾನೇ ಮಾಡುವ ಗಾಯಕ್ಕಿಂತ ಈ ನಂಬಿಕೆ ಮಾಡುವ ಗಾಯ ಆಳವಾದದ್ದು. ಈ ನಂಬಿಕೆಯನ್ನು ಒಂದೊಂದು ಮಾತಾಗಿ ಬಿಚ್ಚಿ ನೋಡಬೇಕಾದ ಅಗತ್ಯ ಇರುವುದು ಅದಕ್ಕೇ.

ಕೊಳೆಯ ಮಾತಿಗೆ ದೊಡ್ಡ ಸಾಕ್ಷಿಯಾಗಿ ಜನ ತೋರಿಸುವುದು ಮೂಗಿನ ಮೇಲಿನ ಕಪ್ಪು ಚುಕ್ಕೆಗಳನ್ನು, ಎಂದರೆ ಬ್ಲ್ಯಾಕ್‌ಹೆಡ್‌ಗಳನ್ನು. ಕಪ್ಪು ಕಂಡರೆ ಧೂಳು ಎಂದುಕೊಳ್ಳುವುದು ಸಹಜ. ಜತ್ತದ ಬೇಸಿಗೆಯಲ್ಲಿ ಧೂಳಿಗೆ ಕೊರತೆಯೂ ಇಲ್ಲ. ಆದರೆ ಆ ಕಪ್ಪು ಧೂಳಿನದಲ್ಲ. ಕುಳಿಯ ಬಾಯಿ ತೆರೆದೇ ಇದ್ದಾಗ ಬೂಚಿನ ತುದಿಯಲ್ಲಿರುವ ಮೆಲನಿನ್, ಎಂದರೆ ಚರ್ಮಕ್ಕೂ ಕೂದಲಿಗೂ ಬಣ್ಣ ಕೊಡುವ ಅದೇ ವಸ್ತು, ಗಾಳಿಗೆ ಸಿಕ್ಕಿ ಕಪ್ಪಾಗುತ್ತದೆ. ಬಾಯಿ ಮುಚ್ಚಿದ್ದರೆ ಅದೇ ಬೂಚು ಬಿಳಿಯ ಗುಳ್ಳೆಯಾಗಿ ಕಾಣುತ್ತದೆ. ಒಂದೇ ವಸ್ತು, ಬಾಗಿಲು ತೆರೆದರೆ ಕಪ್ಪು, ಮುಚ್ಚಿದರೆ ಬಿಳಿ. ಎಷ್ಟು ಉಜ್ಜಿದರೂ ಆ ಕಪ್ಪು ಹೋಗದಿರಲು ಕಾರಣ ಮಗುವಿನ ಸೋಮಾರಿತನವಲ್ಲ. ಅಲ್ಲಿ ತೊಳೆದು ತೆಗೆಯಬೇಕಾದ ಕೊಳೆಯೇ ಇಲ್ಲ.

ಹಾಗಾದರೆ ಮುಖ ತೊಳೆಯುವುದೇ ಬೇಡವೇ? ಬೇಕು, ದಿನಕ್ಕೆ ಎರಡು ಸಲ. ಈ ಲೆಕ್ಕ ಅಂದಾಜಿನದಲ್ಲ. ಅಮೆರಿಕದಲ್ಲಿ ಮೊಡವೆಯಿದ್ದ ಹುಡುಗರನ್ನು ಮೂರು ಗುಂಪು ಮಾಡಿ, ಆರು ವಾರ ಕಾಲ ದಿನಕ್ಕೆ ಒಂದು ಸಲ, ಎರಡು ಸಲ, ನಾಲ್ಕು ಸಲ ಮುಖ ತೊಳೆಸಿ ನೋಡಿದ ಒಂದು ಸಣ್ಣ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಎರಡು ಸಲ ತೊಳೆದವರಲ್ಲಿ ಬೂಚುಗಳು ಕಡಿಮೆಯಾದವು. ನಾಲ್ಕು ಸಲ ತೊಳೆದವರಿಗೆ ಅದಕ್ಕಿಂತ ಹೆಚ್ಚೇನೂ ದಕ್ಕಲಿಲ್ಲ. ಶಾಲೆಯಿಂದ ಬಂದೊಡನೆ, ಊಟಕ್ಕೆ ಮುಂಚೆ, ಆಟ ಆಡಿ ಬಂದ ಮೇಲೆ, ಮಲಗುವ ಮುನ್ನ ಎಂದು ಮತ್ತೆ ಮತ್ತೆ ಬಚ್ಚಲಿಗೆ ಅಟ್ಟುವ ತಾಯಿ ಪ್ರೀತಿಯಿಂದಲೇ ಅಟ್ಟುತ್ತಾಳೆ; ಆದರೆ ಅದರಿಂದ ಮಗುವಿಗೆ ಸಿಗುವುದು ಒಣಗಿ ಉರಿಯುವ ಕೆನ್ನೆ ಮಾತ್ರ.

ನೀರಿನ ಮಾತನ್ನೂ ಇಲ್ಲೇ ಆಡಬೇಕು. ಜತ್ತ ಮಳೆ ನೆರಳಿನ ತಾಲ್ಲೂಕು. 2012ರಲ್ಲಿ ಇಲ್ಲಿನ ಹಲವು ಗ್ರಾಮ ಪಂಚಾಯಿತಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದು ನೀರಿನ ಸಂಕಟದಿಂದ. ಮ್ಹೈಸಾಳ ಏತ ನೀರಾವರಿಯ ನೀರು ಮುಟ್ಟಿದ ಊರುಗಳ ಸ್ಥಿತಿ ಬೇರೆ, ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುವ ವಸ್ತಿಗಳ ಸ್ಥಿತಿ ಬೇರೆ. ಕೊಡಗಳನ್ನು ಸಾಲಾಗಿಟ್ಟು ಕಾಯುವ ಮನೆಯಲ್ಲಿ "ಮಾರಿ ತೊಳಿ, ಮಾರಿ ತೊಳಿ" ಎಂಬ ಮಾತು ಆ ಮನೆಯ ಬಡತನವನ್ನೇ ಮೊಡವೆಗೆ ಕಾರಣವಾಗಿಸುತ್ತದೆ. ನೀರಿಲ್ಲದ್ದಕ್ಕೆ ಮಗಳ ಮುಖ ಕೆಟ್ಟಿತು ಎಂದು ಯಾವ ತಾಯಿಯೂ ಕೊರಗಬೇಕಿಲ್ಲ. ಎರಡು ಹೊತ್ತಿನ ಮುಖ ತೊಳೆಯಲು ಎರಡು ತಂಬಿಗೆ ನೀರು ಸಾಕು. ಬೋರಿನ ನೀರು ಗಡುಸಾಗಿದ್ದರೆ ಸೋಪು ನೊರೆಯಾಗದೆ ಬಿಳಿ ಕೆನೆಯಂತೆ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಅಂಥ ಕಡೆ ಮುಖಕ್ಕೆ ಮಾತ್ರ ಕುಡಿಯುವ ನೀರನ್ನು ಒಂದು ಲೋಟ ಬಳಸಿದರೂ ತೊಂದರೆ ತಪ್ಪುತ್ತದೆ.

ಉಜ್ಜುವುದು ಇನ್ನೂ ಕೆಟ್ಟದ್ದು. ಚರ್ಮದ ಮೇಲ್ಮೈ ಸ್ವಲ್ಪ ಹುಳಿಯ ಕಡೆಗೆ ಇರುತ್ತದೆ. ಪಿಎಚ್ ಅಳತೆಯಲ್ಲಿ ಸುಮಾರು 5. ಸಾಮಾನ್ಯ ಸೋಪಿನ ಬಾರು 9ರಿಂದ 10, ಎಂದರೆ ಕ್ಷಾರ. ನಿಂಬೆರಸ ಸುಮಾರು 2, ಎಂದರೆ ಕಟು ಆಮ್ಲ. ಅಡುಗೆ ಸೋಡಾ ಮತ್ತೆ ಕ್ಷಾರ. ಮಗು ಬೆಳಿಗ್ಗೆ ಸೋಪು, ಸಂಜೆ ನಿಂಬೆ, ಭಾನುವಾರ ಸೋಡಾ ಎಂದು ಹಚ್ಚಿಕೊಂಡರೆ ಚರ್ಮ ತನ್ನ ತೇವವನ್ನು ಹಿಡಿದಿಡುವ ಪದರವನ್ನೇ ಕಳೆದುಕೊಳ್ಳುತ್ತದೆ. ನಿಂಬೆರಸ ಹಚ್ಚಿದ ಮುಖ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯುವುದೂ ಉಂಟು. ಟೂತ್‌ಪೇಸ್ಟು ಗುಳ್ಳೆಯನ್ನು ಒಣಗಿಸಿದಂತೆ ಕಾಣುವುದು ಸುತ್ತಲಿನ ಚರ್ಮವನ್ನೂ ಸುಡುವುದರಿಂದ. ಒರಟು ಪಂಜೆಯಿಂದ ತಿಕ್ಕಿದಾಗ, ಒಳಗೆ ಈಗಾಗಲೇ ಊದಿಕೊಂಡ ಕುಳಿ ಒಡೆದು ಜಿಡ್ಡು ಚರ್ಮದ ಆಳಕ್ಕೆ ಚೆಲ್ಲುತ್ತದೆ; ಸಣ್ಣ ಗುಳ್ಳೆ ದೊಡ್ಡ ಗಂಟಾಗುವುದು ಹೀಗೆ. ಉಗುರಿನಿಂದ ಹಿಚುಕಿದರೂ ಇದೇ ಗತಿ. ಸ್ವಚ್ಛತೆಯ ಹೆಸರಿನಲ್ಲಿ ನಡೆಯುವ ಈ ಕೆಲಸಗಳೆಲ್ಲ ಮೊಡವೆಗೆ ಮೇವು ಹಾಕುತ್ತವೆ. ಮುಖ ಇನ್ನಷ್ಟು ಕೆಟ್ಟಾಗ ಮನೆಯವರು "ನೋಡು, ಇನ್ನೂ ತೊಳಿಯಂಗಿಲ್ಲ" ಎನ್ನುತ್ತಾರೆ. ಮಗು ಮತ್ತೆ ತಿಕ್ಕುತ್ತದೆ.

ಕೊಳೆಯನ್ನು ಇಷ್ಟು ದೂರುವ ಹಿರಿಯರು, ಶಿಕ್ಷಕರು ನಿಜವಾದ ಒಂದು ಹೊರಗಿನ ಕಾರಣವನ್ನು ಶಿಸ್ತಿನ ಗುರುತಾಗಿ ಕಾಪಾಡಿಕೊಂಡು ಬಂದಿದ್ದಾರೆ. ಅದು ಕೊಬ್ಬರಿ ಎಣ್ಣೆ. ತಲೆತುಂಬ ಎಣ್ಣೆ ಹಚ್ಚಿ, ಬಿಗಿದು ಬಾಚಿ, ಎರಡು ಜಡೆಗೆ ರಿಬ್ಬನ್ ಕಟ್ಟಿಕೊಂಡು ಬಂದ ಹುಡುಗಿ ಶಾಲೆಯಲ್ಲಿ ಅಚ್ಚುಕಟ್ಟಿನವಳು. ಹನ್ನೊಂದು ಗಂಟೆಯ ಬಿಸಿಲಿಗೆ ಆ ಎಣ್ಣೆ ಬೆವರಿನೊಡನೆ ಹಣೆಗೆ, ಕೆನ್ನೆಗೆ ಇಳಿಯುತ್ತದೆ. ತಲೆಗೆ ಹಚ್ಚುವ ಜಿಡ್ಡಿನಿಂದ ಹಣೆಯಂಚಿನಲ್ಲಿ ಸಾಲುಗಟ್ಟಿ ಏಳುವ ಗುಳ್ಳೆಗಳನ್ನು ಪ್ಲೆವಿಗ್, ಫುಲ್ಟನ್, ಕ್ಲಿಗ್‌ಮನ್ ಎಂಬ ಚರ್ಮವೈದ್ಯರು 1970ರಲ್ಲೇ ಪೊಮೇಡ್ ಮೊಡವೆ ಎಂದು ಗುರುತಿಸಿ ಬರೆದರು. ಅವರು ನೋಡಿದ್ದು ತಲೆಗೂದಲಿಗೆ ಜಿಡ್ಡು ಹಚ್ಚುವ ಅಮೆರಿಕದ ಕಪ್ಪು ಗಂಡಸರನ್ನು. ಜತ್ತದ ಶಾಲಾ ಹುಡುಗಿಯ ಹಣೆಯ ಮೇಲೂ ನಡೆಯುವುದು ಅದೇ. ಎಣ್ಣೆ ಬಿಡಿಸಬೇಕಾಗಿಲ್ಲ. ರಾತ್ರಿ ನೆತ್ತಿಗೆ ಮಾತ್ರ ಹಚ್ಚಿ, ಕೂದಲನ್ನು ಬಟ್ಟೆಯಲ್ಲಿ ಕಟ್ಟಿ, ಬೆಳಿಗ್ಗೆ ತೊಳೆದರೆ ಆಯಿತು. ಶಾಲೆಗೆ ಎಣ್ಣೆಯಿಲ್ಲದ ತಲೆಯಲ್ಲಿ ಬರಲು ಶಿಕ್ಷಕರು ಒಪ್ಪಬೇಕು, ಅಷ್ಟೇ. ಮೊಡವೆಯ ಮೇಲೆ "ತಂಪು" ಎಂದು ಎಣ್ಣೆ ಸವರುವ ರೂಢಿಯನ್ನಂತೂ ಪೂರ್ತಿ ಬಿಡಬೇಕು.

ತಂಪಿನ ಮಾತಿನಿಂದ ಉಷ್ಣದ ಮಾತಿಗೆ ಬರಬೇಕಾಗುತ್ತದೆ. ಉಷ್ಣದ ವಾದವನ್ನು ಜನ ಹಿಡಿದುಕೊಂಡಿರುವುದು ಅದು ನಮ್ಮ ಹಳೆಯ ವೈದ್ಯ ಎಂಬ ಗೌರವದಿಂದ. ಹಳೆಯ ವೈದ್ಯ ನಿಜವಾಗಿ ಹೇಳಿದ್ದೇನು? ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳ ಅಧ್ಯಾಯವಿದೆ. ಅಲ್ಲಿ ತರುಣರ ಮುಖದ ಮೇಲೆ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆಗಳಿಗೆ ಮುಖದೂಷಿಕಾ ಎಂದು ಹೆಸರಿಟ್ಟು, ಕಫ, ವಾತ, ರಕ್ತಗಳನ್ನು ಅದರ ಕಾರಣವಾಗಿ ಹೇಳಿದೆ. ಉಷ್ಣಕ್ಕೆ ಒಡೆಯನಾದ ಪಿತ್ತದ ಹೆಸರು ಆ ಮಾತಿನಲ್ಲಿ ಇಲ್ಲವೇ ಇಲ್ಲ. ಇನ್ನೂ ಮುಖ್ಯವಾದದ್ದು, ಸುಶ್ರುತ ಅದನ್ನು ರೋಗಗಳ ಪಟ್ಟಿಯಲ್ಲಿ ಸೇರಿಸಿದ್ದಾನೆ, ಅದಕ್ಕೆ ಚಿಕಿತ್ಸೆಯನ್ನೂ ಹೇಳಿದ್ದಾನೆ. ಮೊಡವೆ ಉಷ್ಣ ಎಂಬುದಕ್ಕಾಗಲಿ, ಮೊಡವೆ ರೋಗವೇ ಅಲ್ಲ ಎಂಬುದಕ್ಕಾಗಲಿ ಸುಶ್ರುತನ ಬೆಂಬಲವಿಲ್ಲ. ಇವು ಬಾಯಿಮಾತುಗಳು, ಹಳೆಯ ಅಂಗಿ ತೊಟ್ಟು ಓಡಾಡುತ್ತಿವೆ.

ಉಷ್ಣದ ಹೆಸರಿನಲ್ಲಿ ಮಗುವಿನ ತಟ್ಟೆಯಿಂದ ಶೇಂಗಾ ಚಟ್ನಿ ಹೋಗುತ್ತದೆ, ತತ್ತಿ ಹೋಗುತ್ತದೆ, ಮಾವಿನಹಣ್ಣು ಹೋಗುತ್ತದೆ. ಬೆಳೆಯುವ ಹುಡುಗಿಯ ಊಟದಲ್ಲಿ ತತ್ತಿ, ಶೇಂಗಾ ಪ್ರೋಟೀನಿನ ದೊಡ್ಡ ಮೂಲಗಳು. ಅವನ್ನು ಕಿತ್ತುಕೊಳ್ಳುವುದು ಸಣ್ಣ ಅನ್ಯಾಯವಲ್ಲ. ಆಹಾರಕ್ಕೂ ಮೊಡವೆಗೂ ಸಂಬಂಧವೇ ಇಲ್ಲ ಎಂದು ಹಿಂದಿನ ತಲೆಮಾರಿನ ವೈದ್ಯರು ಹೇಳುತ್ತಿದ್ದುದೂ ಅವಸರದ ತೀರ್ಮಾನ. 1969ರಲ್ಲಿ 65 ಮಂದಿಗೆ ಚಾಕೊಲೇಟು ತಿನ್ನಿಸಿ ನಡೆಸಿದ ಹೆಸರಾಂತ ಪ್ರಯೋಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಹೋಲಿಕೆಗೆ ಕೊಟ್ಟ ಮಿಠಾಯಿಯಲ್ಲೂ ಅಷ್ಟೇ ಸಕ್ಕರೆ, ಅಷ್ಟೇ ಕೊಬ್ಬು ಇತ್ತು. ಮುಂದೆ 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವರ್ಷದ 43 ಹುಡುಗರ ಮೇಲೆ 12 ವಾರ ನಡೆದ ಅಧ್ಯಯನದಲ್ಲಿ, ರಕ್ತಕ್ಕೆ ಸಕ್ಕರೆಯನ್ನು ನಿಧಾನವಾಗಿ ಬಿಡುವ ಊಟ ಉಂಡವರಲ್ಲಿ ಗುಳ್ಳೆಗಳು ಹೆಚ್ಚು ಇಳಿದವು. ಇದರ ಅರ್ಥವನ್ನು ಜತ್ತದ ಅಡುಗೆಮನೆಗೆ ತಂದು ಹೇಳುವುದಾದರೆ, ಜೋಳದ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಶೇಂಗಾ ಚಟ್ನಿಯನ್ನು ಹಾಗೇ ಬಿಡಬೇಕು. ದಿನವೂ ಕೈಗೆ ಸಿಗುವ ಐದು ರೂಪಾಯಿಯ ಬಿಸ್ಕಿಟು ಪುಡಿಕೆ, ಬಣ್ಣದ ತಂಪು ಪಾನೀಯ, ಸಕ್ಕರೆ ಸುರಿದ ಚಹಾ ಕಡಿಮೆಯಾಗಬೇಕು. ಅದೂ ಪೂರಕ ಮಾತ್ರ. ಊಟವೊಂದನ್ನೇ ತಿದ್ದಿ ಮೊಡವೆ ವಾಸಿ ಮಾಡುತ್ತೇನೆಂದು ಹೊರಡುವುದು ಮಗುವನ್ನು ಪ್ರತಿ ತುತ್ತಿಗೂ ತಪ್ಪಿತಸ್ಥನನ್ನಾಗಿ ಮಾಡುವ ಇನ್ನೊಂದು ದಾರಿ.

"ವಯಸ್ಸಿಂದು" ಎಂಬ ಮಾತು ಕೇಳಲು ಮೃದುವಾದದ್ದು, ಮಾಡುವ ಹಾನಿ ದೊಡ್ಡದು. ಗಡಿಯ ಮಕ್ಕಳು ಶಾಲೆಯಲ್ಲಿ ಕನ್ನಡ ಓದುತ್ತಾರೆ, ಪೇಟೆಯಲ್ಲಿ ಮರಾಠಿ ಕೇಳುತ್ತಾರೆ. ಮರಾಠಿಯಲ್ಲಿ ಮೊಡವೆಯ ಹೆಸರೇ ತಾರುಣ್ಯಪೀಟಿಕಾ. ಹರೆಯದ ಅಲಂಕಾರವೋ ಎಂಬಂತೆ ಹೆಸರು ಕೂತಿದೆ. ಆ ಹೆಸರಿನ ಜತೆ ಚೇಷ್ಟೆಯೂ ಬರುತ್ತದೆ. ಹುಡುಗಿಯ ಮುಖದಲ್ಲಿ ಗುಳ್ಳೆ ಎದ್ದರೆ ಅವಳ ಮನಸ್ಸಿನಲ್ಲಿ ಯಾರೋ ಇದ್ದಾರೆ ಎಂದು ನಗುವುದು, ಹುಡುಗನಿಗೆ ಕೆಟ್ಟ ಚಟ ಎಂದು ಪಿಸುಗುಡುವುದು. ಈ ಮಾತುಗಳಲ್ಲಿ ಒಂದಕ್ಕೂ ಆಧಾರವಿಲ್ಲ. ಹನ್ನೆರಡರಿಂದ ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಸುಮಾರು ನೂರಕ್ಕೆ 85 ಜನರಿಗೆ ಒಂದಲ್ಲ ಒಂದು ಮಟ್ಟದ ಮೊಡವೆ ಬರುತ್ತದೆ ಎಂಬುದು ವೈದ್ಯಶಾಸ್ತ್ರದಲ್ಲಿ ಒಪ್ಪಿದ ಅಂದಾಜು. ಇಷ್ಟು ಜನರಿಗೆ ಬರುವುದರಿಂದಲೇ ಅದು ಕಾಯಿಲೆಯಲ್ಲ ಎನ್ನುವುದು ತಪ್ಪು ತರ್ಕ. ಹುಳುಕು ಹಲ್ಲೂ ಬಹಳ ಮಕ್ಕಳಿಗೆ ಬರುತ್ತದೆ. ಲಗ್ನದವರೆಗೆ ಕಾಯಿರಿ ಎಂದು ಯಾರೂ ಹೇಳುವುದಿಲ್ಲ.

ಕಾಯುವುದರ ಬೆಲೆ ಕಲೆ. ಕಂದು ಚರ್ಮದಲ್ಲಿ ಮೊಡವೆ ಒಣಗಿದ ಜಾಗದಲ್ಲಿ ಕಪ್ಪು ಗುರುತು ಉಳಿಯುತ್ತದೆ, ತಿಂಗಳುಗಟ್ಟಲೆ ಹೋಗುವುದಿಲ್ಲ, ಬಿಸಿಲು ಅದನ್ನು ಇನ್ನಷ್ಟು ಗಾಢ ಮಾಡುತ್ತದೆ. ಅದಾದರೂ ಒಂದು ದಿನ ಮಾಸುತ್ತದೆ. ಗಂಟು ಮೊಡವೆ ಒಡೆದು ಚರ್ಮದ ಆಳದ ನಾರು ಹರಿದರೆ ಬೀಳುವ ಗುಳಿ ಮಾತ್ರ ತಾನಾಗಿ ತುಂಬುವುದಿಲ್ಲ. ಹದಿಮೂರರಲ್ಲಿ ಸಾಧಾರಣ ಔಷಧಕ್ಕೆ ಬಗ್ಗುತ್ತಿದ್ದ ಮೊಡವೆ ಹದಿನೇಳಕ್ಕೆ ಗುಳಿ ತೋಡಿ ಹೋಗಿರುತ್ತದೆ. ಮದುವೆಯ ಮಾತಿನ ಹೊತ್ತಿಗೆ ಅದೇ ಹಿರಿಯರು ಅದೇ ಗುಳಿಗಳನ್ನು ಕೊರತೆಯೆಂದು ಎಣಿಸುತ್ತಾರೆ.

ಈ ಮೂರು ಮಾತುಗಳ ನಡುವೆ ಉಸಿರುಗಟ್ಟಿದ ಮಗು ಕೊನೆಗೆ ತಲುಪುವುದು ಮೆಡಿಕಲ್ ಅಂಗಡಿಯ ಟ್ಯೂಬಿನ ಬಳಿಗೆ. ಜತ್ತದ ವಿಷಯದಲ್ಲಿ, ಹಾಗೆ ನೋಡಿದರೆ ಇಡೀ ದೇಶದ ವಿಷಯದಲ್ಲಿ, ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. "ಮೊಡವಿಗೆ ಒಂದು ಟ್ಯೂಬ ಕೊಡ್ರಿ" ಎಂದಾಗ ಕೈಗೆ ಬರುವುದು ಎಷ್ಟೋ ಸಲ ಸ್ಟೀರಾಯ್ಡ್ ಬೆರೆತ ಕ್ರೀಮು. ಅದರಲ್ಲೂ ಮೂರು ಔಷಧ ಕೂಡಿದ ಒಂದು ಬಗೆಯಿದೆ: ಬಣ್ಣ ತಿಳಿಮಾಡುವ ಹೈಡ್ರೋಕ್ವಿನೋನ್, ಚರ್ಮ ಸುಲಿಯುವ ಟ್ರೆಟಿನಾಯಿನ್, ಜತೆಗೆ ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. ಇದರ ಮೂಲ 1975ರಲ್ಲಿ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಪ್ರಕಟಿಸಿದ ಸೂತ್ರ. ಅವರ ಮಿಶ್ರಣದಲ್ಲಿ ಸ್ಟೀರಾಯ್ಡ್ ಬೇರೆ ಇತ್ತು, ಉದ್ದೇಶ ಚರ್ಮದ ಬಣ್ಣ ತೆಗೆಯುವುದು. ಇಂದು ಈ ಬಗೆಯ ಮಿಶ್ರಣವನ್ನು ವೈದ್ಯರು ಬರೆಯುವುದು ಮುಖ್ಯವಾಗಿ ದೊಡ್ಡವರ ಮುಖದ ಬಂಗಿಗೆ, ಸ್ವಲ್ಪ ಕಾಲಕ್ಕೆ, ತಮ್ಮ ಕಣ್ಗಾವಲಿನಲ್ಲಿ. ಮಗುವಿನ ಮೊಡವೆಗೆ ಅದು ಹುಟ್ಟಿದ್ದೇ ಅಲ್ಲ.

ಆ ಟ್ಯೂಬು ಮೊದಲ ವಾರ ಪವಾಡ ಮಾಡುತ್ತದೆ, ಮೋಸವಿರುವುದು ಅಲ್ಲೇ. ಸ್ಟೀರಾಯ್ಡ್ ರಕ್ತನಾಳಗಳನ್ನು ಬಿಗಿಹಿಡಿಯುತ್ತದೆ, ಊತವನ್ನು ಅದುಮುತ್ತದೆ. ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. ಮನೆಯವರು ಮೆಚ್ಚುತ್ತಾರೆ, ಅಕ್ಕತಂಗಿಯರು ಹಂಚಿಕೊಳ್ಳುತ್ತಾರೆ. ಕೆಲವು ವಾರಗಳಲ್ಲಿ ಒಂದೇ ಅಳತೆಯ ಗುಳ್ಳೆಗಳು ಹಿಂಡು ಹಿಂಡಾಗಿ ಏಳುತ್ತವೆ, ಏಕೆಂದರೆ ಸ್ಟೀರಾಯ್ಡ್ ತಾನೇ ಮೊಡವೆ ಎಬ್ಬಿಸುವ ಔಷಧ. ಚರ್ಮ ತೆಳುವಾಗಿ ಕೆಂಪು ನಾಳಗಳು ಮೇಲೆ ಕಾಣುತ್ತವೆ, ಕೆನ್ನೆಯಲ್ಲಿ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ಹಚ್ಚುವುದು ಬಿಟ್ಟರೆ ಎಲ್ಲವೂ ಎರಡು ಪಟ್ಟಾಗಿ ಮರಳುತ್ತದೆ. ಮಗು ಮತ್ತೆ ಟ್ಯೂಬಿಗೆ ಕೈ ಹಾಕುತ್ತದೆ. ಭಾರತದ ಚರ್ಮವೈದ್ಯರು ಈ ಸ್ಥಿತಿಗೆ ಸ್ಟೀರಾಯ್ಡ್‌ನಿಂದ ಕೆಟ್ಟ ಮುಖ ಎಂಬ ಅರ್ಥದ ಹೆಸರನ್ನೇ ಇಡಬೇಕಾಯಿತು. ಅವರ 2011ರ ಅಧ್ಯಯನವೊಂದು ದೇಶದ 12 ಕೇಂದ್ರಗಳಲ್ಲಿ ಮುಖದ ತೊಂದರೆಗೆಂದು ಬಂದ 2926 ರೋಗಿಗಳನ್ನು ವಿಚಾರಿಸಿತು. ಅವರಲ್ಲಿ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಆ 433ರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಅದನ್ನು ಹೇಳಿದವರು ವೈದ್ಯರಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಂಡ ಹಾನಿ ಮೊಡವೆ ಏಳುವುದು ಅಥವಾ ಇದ್ದ ಮೊಡವೆ ಉಲ್ಬಣಿಸುವುದು. ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಹಚ್ಚುವ ಸ್ಟೀರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ತಂದು, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿತು. ಕಾನೂನು ಕಾಗದದ ಮೇಲಿದೆ. ಮನೆಯ ಕಪಾಟಿನಲ್ಲಿ ಹಳೆಯ ಟ್ಯೂಬು ಇದ್ದೇ ಇದೆ.

ಆ ಟ್ಯೂಬಿನ ಮೇಲೆ ಬರೆದದ್ದು ಇಂಗ್ಲಿಷಿನಲ್ಲಿ. ಮಹಾರಾಷ್ಟ್ರ ಸರ್ಕಾರದ ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯಪುಸ್ತಕ ಓದುವ ಮಗು, ಅಕ್ಷರ ಕೂಡಿಸಿ ಓದುವ ತಾಯಿ, ಇಬ್ಬರಿಗೂ ಅದು ಮುಚ್ಚಿದ ಬಾಗಿಲು. ಆದರೂ ಎರಡು ಗುರುತನ್ನು ಕಲಿಸಬಹುದು. ಚೀಟಿ ಬೇಕಾದ ಔಷಧದ ಮೇಲೆ ಆರ್‌ಎಕ್ಸ್ ಎಂಬ ಗುರುತು ಇರುತ್ತದೆ. ಮತ್ತು ಹೆಸರು "ಸೋನ್" ಎಂದು ಮುಗಿದರೆ, ಉದಾಹರಣೆಗೆ ಬೆಟಾಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಅದು ಬಹುಪಾಲು ಸ್ಟೀರಾಯ್ಡ್. ಕ್ಲೋಬೆಟಾಸೋಲ್ ಕೂಡ ಅದೇ ಕುಲದ್ದು, ಇನ್ನೂ ಬಲವಾದದ್ದು. ಮೊಡವೆಗೇ ಬಳಸುವ ಡ್ಯಾಪ್ಸೋನ್ ಮಾತ್ರ ಈ ಲೆಕ್ಕಕ್ಕೆ ಅಪವಾದ. ಬಹಳ ದಿನ ಸ್ಟೀರಾಯ್ಡ್ ಹಚ್ಚಿದ ಮುಖವಾದರೆ ಒಮ್ಮೆಲೇ ಬಿಟ್ಟಾಗ ಉಲ್ಬಣಿಸುವುದರಿಂದ, ಬಿಡಿಸುವ ಕೆಲಸವನ್ನೂ ವೈದ್ಯರ ಕೈಗೇ ಕೊಡಬೇಕು.

ಮನೆಯಲ್ಲಿ ಕಟ್ಟಬೇಕಾದ ರೂಢಿ ಈ ಗದ್ದಲದ ಎದುರು ಬಹಳ ಚಿಕ್ಕದು. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ, ಮೆದುವಾದ ಫೇಸ್‌ವಾಶ್ ಅಥವಾ ಕ್ಷಾರ ಕಡಿಮೆಯಿರುವ ಸೋಪಿನಿಂದ, ಬೆರಳ ತುದಿಯಲ್ಲಿ, ತಿಕ್ಕದೆ ಮುಖ ತೊಳೆಯುವುದು. ಉಗುರುಬೆಚ್ಚಗಿನ ಅಥವಾ ತಣ್ಣೀರು. ಮಗುವಿಗೆ ತನ್ನದೇ ಒಂದು ಮೆತ್ತನೆಯ ಟವೆಲು, ಒರೆಸುವುದಲ್ಲ, ಒತ್ತುವುದು. ಎಣ್ಣೆಯಂಶವಿಲ್ಲದ ತೆಳು ಮಾಯಿಶ್ಚರೈಸರ್. ಮೊಡವೆಯ ಮುಖಕ್ಕೆ ತೇವ ಬೇಡ ಎಂಬುದು ತಪ್ಪು, ಒಣಹವೆಯ ಜತ್ತದಲ್ಲಂತೂ ಔಷಧ ತಾಳಿಕೊಳ್ಳಲು ಅದು ಬೇಕೇ ಬೇಕು. ಬಿಸಿಲಿಗೆ ಸನ್‌ಸ್ಕ್ರೀನ್ ಆದರೆ ಒಳ್ಳೆಯದು, ಆಗದಿದ್ದರೆ ಟೊಪ್ಪಿಗೆ, ಓಢಣಿ, ಕೊಡೆ. ಎರಡು ಮೂರು ದಿನಕ್ಕೊಮ್ಮೆ ದಿಂಬಿನ ಬಟ್ಟೆ ಬದಲಿಸುವುದು. ಹಿಚುಕುವ ಕೈಯನ್ನು ಬೈದು ನಿಲ್ಲಿಸಲಾಗದು; ಉಗುರು ಮೊಟಕು ಮಾಡಿ, ಕನ್ನಡಿಯ ಮುಂದಿನ ಹೊತ್ತನ್ನು ಬೇರೆ ಕೆಲಸಕ್ಕೆ ಎಳೆದು ನಿಲ್ಲಿಸಬೇಕು. ಮೊದಲ ಎರಡು ವಾರ ತಾಯಿಯೋ ಅಣ್ಣನೋ ಮಗುವಿನ ಜತೆಗೇ ನಿಂತು ತಾವೂ ಮುಖ ತೊಳೆದರೆ, ಹಲ್ಲುಜ್ಜುವಂತೆ ಅದೂ ಮನೆಯ ಕೆಲಸವಾಗುತ್ತದೆ, ಮಗುವಿಗಷ್ಟೇ ಶಿಕ್ಷೆಯಾಗಿ ಉಳಿಯುವುದಿಲ್ಲ. ಗುಳ್ಳೆ ಎಷ್ಟು ಎಂದು ದಿನವೂ ಎಣಿಸುವುದನ್ನು, ನೆಂಟರ ಮುಂದೆ ಮುಖದ ಮಾತು ಎತ್ತುವುದನ್ನು ದೊಡ್ಡವರು ಬಿಡಬೇಕು.

ಔಷಧ ಬೇಕಾದಾಗ ವೈದ್ಯರು ಸಾಮಾನ್ಯವಾಗಿ ಮೊದಲು ಕೊಡುವುದು ಎರಡು. ಬೆಂಜಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳುವುದಿಲ್ಲ. ಊದಿದ ಗುಳ್ಳೆಗಳಿಗೆ 2.5 ಶೇಕಡಾ ಬಲದ್ದು 10 ಶೇಕಡಾದಷ್ಟೇ ಕೆಲಸ ಮಾಡುತ್ತದೆ, ಉರಿ ಕಡಿಮೆ. ಬಣ್ಣದ ಟವೆಲು, ದಿಂಬಿನ ಬಟ್ಟೆಯ ಬಣ್ಣ ಹಾರಿಸುತ್ತದೆಂದು ಮೊದಲೇ ತಿಳಿದಿದ್ದರೆ ಗಾಬರಿಯಿಲ್ಲ. ಅಡಾಪಲೀನ್ ಕುಳಿಯ ಬೂಚನ್ನು ಬಿಡಿಸುತ್ತದೆ. ಅದನ್ನು ರಾತ್ರಿ, ಒಣಗಿದ ಮುಖಕ್ಕೆ, ಬಟಾಣಿ ಕಾಳಿನಷ್ಟು ತೆಗೆದುಕೊಂಡು ಮೊಡವೆ ಏಳುವ ಜಾಗಕ್ಕೆಲ್ಲ ತೆಳ್ಳಗೆ ಹಚ್ಚಬೇಕು; ಗುಳ್ಳೆಯ ಮೇಲಷ್ಟೇ ಚುಕ್ಕೆ ಇಡುವುದು ಎಲ್ಲರೂ ಮಾಡುವ ತಪ್ಪು. ಶುರುವಿನಲ್ಲಿ ರಾತ್ರಿ ಬಿಟ್ಟು ರಾತ್ರಿ ಸಾಕು. ಆ್ಯಂಟಿಬಯಾಟಿಕ್ ಕ್ರೀಮನ್ನು ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗುತ್ತದೆ.

ಇವುಗಳ ಫಲ ಕಾಣಲು ಆರರಿಂದ ಎಂಟು ವಾರ, ಸರಿಯಾಗಿ ತೂಗಿ ನೋಡಲು 12 ವಾರ ಬೇಕು, ಏಕೆಂದರೆ ಇಂದು ಕಾಣುವ ಗುಳ್ಳೆ ಚರ್ಮದೊಳಗೆ ಮೊಳೆತದ್ದು ವಾರಗಳ ಹಿಂದೆ. ಸ್ಟೀರಾಯ್ಡಿನ ಮೊದಲ ವಾರದ ಪವಾಡ ನೋಡಿದವರಿಗೆ ಈ ನಿಧಾನ ಔಷಧ ಸೋತಂತೆ ಕಾಣುತ್ತದೆ, ಎರಡನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಜತ್ತದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಎಷ್ಟೋ ಕುಟುಂಬಗಳು ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯಲು ಪಶ್ಚಿಮದ ಕಾರ್ಖಾನೆಗಳ ಕಡೆ ಹೋಗಿ ಬೇಸಿಗೆಗೆ ಮರಳುತ್ತವೆ. ಮಕ್ಕಳು ಅಜ್ಜಿಯ ಬಳಿಯೋ ವಸತಿಶಾಲೆಯಲ್ಲೋ ಉಳಿಯುತ್ತಾರೆ. ಚಿಕಿತ್ಸೆಯ 12 ವಾರ ಆ ಸುಗ್ಗಿಯ ನಡುವೆ ಬಿದ್ದರೆ ಟ್ಯೂಬು ಯಾರ ಕೈಯಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಅಜ್ಜಿಗೆ ಅಥವಾ ವಸತಿಶಾಲೆಯ ಮೇಲ್ವಿಚಾರಕರಿಗೆ ಹೇಳಿ ಹೋಗಬೇಕು. ಕ್ಯಾಲೆಂಡರಿನಲ್ಲಿ ಪ್ರತಿ ರಾತ್ರಿಗೆ ಒಂದು ಗೆರೆ ಎಳೆಯುವುದು ಓದು ಬಾರದ ಅಜ್ಜಿಗೂ ಆಗುವ ಲೆಕ್ಕ.

ನೋಯುವ ಗಂಟುಗಳು, ಗುಳಿ ಬೀಳತೊಡಗಿದ ಮುಖ, ಎದೆ-ಬೆನ್ನಿಗೂ ಹರಡಿದ ಮೊಡವೆ, 12 ವಾರಕ್ಕೂ ಬಗ್ಗದ್ದು, ಇವು ಚರ್ಮವೈದ್ಯರ ಕೆಲಸ. ಒಂದರಿಂದ ಆರು ವರ್ಷದ ಮಗುವಿಗೆ ಮೊಡವೆ ಬಂದರೆ ತಡಮಾಡದೆ ತೋರಿಸಬೇಕು. ಹಾರ್ಮೋನಿನ ತೊಂದರೆಯ ಸುಳಿವು ಅದರಲ್ಲಿರಬಹುದು. ಹುಡುಗಿಗೆ ಮುಟ್ಟು ಏರುಪೇರಾಗಿ, ಗದ್ದದ ಮೇಲೆ ಕೂದಲು ದಟ್ಟವಾಗುತ್ತಿದ್ದರೂ ಹಾಗೆಯೇ. ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆ ಬಹಳ ಬಲವಾದದ್ದು, ಬಸಿರಿನಲ್ಲಿ ಭ್ರೂಣಕ್ಕೆ ಘೋರ ಹಾನಿ ಮಾಡುವಂಥದ್ದು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗಲೇಬಾರದು. ಮಗು ಶಾಲೆ ತಪ್ಪಿಸುತ್ತಿದ್ದರೆ, ಓಢಣಿಯಲ್ಲಿ ಮುಖ ಮುಚ್ಚಿಕೊಂಡೇ ಇರುತ್ತಿದ್ದರೆ, ಗುಳ್ಳೆ ನಾಲ್ಕೇ ಇದ್ದರೂ ಅದು ವೈದ್ಯರ ಬಳಿ ಹೋಗಬೇಕಾದ ಮೊಡವೆ.

ಹೋಗುವುದೆಲ್ಲಿಗೆ ಎಂಬ ಪ್ರಶ್ನೆ ಗಡಿಯಲ್ಲಿ ಸಣ್ಣದಲ್ಲ. ಜತ್ತದಲ್ಲಿ ಗ್ರಾಮೀಣ ಆಸ್ಪತ್ರೆಯಿದೆ. ಚರ್ಮದ ವಿಭಾಗವಿರುವ ದೊಡ್ಡ ಆಸ್ಪತ್ರೆಗೆ ಪಶ್ಚಿಮಕ್ಕೆ ಮಿರಜಿನ ಸರ್ಕಾರಿ ವೈದ್ಯಕೀಯ ಕಾಲೇಜಿಗೋ, ಪೂರ್ವಕ್ಕೆ ವಿಜಯಪುರದ ವೈದ್ಯಕೀಯ ಕಾಲೇಜುಗಳಿಗೋ ಹೋಗಬೇಕು. ಮಿರಜಿನಲ್ಲಿ ಮಾತು ಮರಾಠಿ, ವಿಜಯಪುರದಲ್ಲಿ ಕನ್ನಡ. ಉಮದಿ, ಸಂಖದ ಕಡೆಯವರಿಗೆ ವಿಜಯಪುರ ನಾಲಿಗೆಗೂ ಕಾಲಿಗೂ ಹತ್ತಿರ. ಒಂದು ದಿನದ ಕೂಲಿ, ಬಸ್ಸಿನ ಖರ್ಚು ಸೇರಿದರೆ ಮೆಡಿಕಲ್ ಅಂಗಡಿಯ ಟ್ಯೂಬು ಅಗ್ಗವೆನಿಸುವುದರಲ್ಲಿ ಆಶ್ಚರ್ಯವಿಲ್ಲ. ತಪ್ಪು ಆ ತಾಯಿಯದಲ್ಲ. 2020ರಿಂದ ನಡೆಯುತ್ತಿರುವ ಸರ್ಕಾರದ ಇ-ಸಂಜೀವನಿ ಸೇವೆಯಲ್ಲಿ ಫೋನಿನ ಮೂಲಕವೇ ಉಚಿತವಾಗಿ ವೈದ್ಯರನ್ನು ಕಾಣಬಹುದು. ಮೊಡವೆಯಂಥ ಕಣ್ಣಿಗೆ ಕಾಣುವ ಕಾಯಿಲೆಗೆ ಮೊದಲ ಸಲಹೆ ಪಡೆಯಲು ಅದು ತಕ್ಕ ದಾರಿ.

ಶಾಲೆಯ ದಾರಿ ಮಾತ್ರ ಇನ್ನೂ ಮುಚ್ಚಿಯೇ ಇದೆ. 2013ರ ಫೆಬ್ರುವರಿಯಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯ ತಂಡಗಳು ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಜತ್ತದ ನೂರಕ್ಕೂ ಹೆಚ್ಚು ಕನ್ನಡ ಶಾಲೆಗಳ ಮಕ್ಕಳೂ ಅದರ ವ್ಯಾಪ್ತಿಯಲ್ಲಿದ್ದಾರೆ. ಆ ಕಾರ್ಯಕ್ರಮದ ಕಾಯಿಲೆಗಳ ಪಟ್ಟಿಯಲ್ಲಿ ಚರ್ಮದ ಸಾಲಿನಲ್ಲಿ ಇರುವುದು ಕಜ್ಜಿ, ಶಿಲೀಂಧ್ರದ ಸೋಂಕು, ಇಸಬು. ಮೊಡವೆ ಅಲ್ಲಿಲ್ಲ. ಎಂಟನೇ ತರಗತಿಯ ಹುಡುಗಿಯ ಹಲ್ಲು, ಕಣ್ಣು, ಕಿವಿ ನೋಡುವ ವೈದ್ಯರು ಅವಳ ಹಣೆಯನ್ನೂ ನೋಡಿ, ಮುಖಕ್ಕೆ ಏನು ಹಚ್ಚುತ್ತೀ ಎಂದು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಅವಳ ಕಾರ್ಡಿನಲ್ಲಿ ಬರೆದುಕೊಳ್ಳಲು ಹೊಸ ಯಂತ್ರವೂ ಬೇಡ, ಹೊಸ ಹಣವೂ ಬೇಡ. ಪಟ್ಟಿಗೆ ಒಂದು ಸಾಲು ಸೇರಬೇಕು.